ಕೋಳಿಗೆ ಕಣ್ಣಹನಿ, ಕೋವಾಲಾಕ್ಕೆ ಸೂಜಿ

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕೋಳಿ ಸಾಕುವವರಿಗೆ ರಾಣಿಖೇತ್ ಎಂಬ ವೈರಸ್ ರೋಗದ ಲಸಿಕೆ ಹೊಸದಲ್ಲ. ಮರಿಗೆ 5–7 ದಿನವಾದಾಗ ಲಸೋಟಾ ಎಂಬ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರದ ಹೊತ್ತಿಗೆ ಆರ್‌ಟುಬಿ ಎಂಬ ಇನ್ನೊಂದು ಲಸಿಕೆ, ರೆಕ್ಕೆಯಡಿ ಚರ್ಮದ ಕೆಳಗೆ 0.5 ಎಂ.ಎಲ್. ಕಣ್ಣಿಗೆ ಬಿದ್ದ ಹನಿ ಕಣ್ಣುಗುಡ್ಡೆಯ ಹಿಂದಿರುವ ಹಾರ್ಡೇರಿಯನ್ ಗ್ರಂಥಿಯನ್ನು ಎಬ್ಬಿಸಿ, ವೈರಸ್ ನುಗ್ಗುವ ಬಾಗಿಲಲ್ಲೇ ಐಜಿಎ ಎಂಬ, ಲೋಳೆಪೊರೆ ಕಾಯುವ ಪ್ರತಿಕಾಯಗಳನ್ನು ಕಾವಲಿಗೆ ಕೂರಿಸುತ್ತದೆ. ಇಂಜೆಕ್ಷನ್ ರಕ್ತದಲ್ಲಿ ಪ್ರತಿಕಾಯ ಏರಿಸುತ್ತದೆ. ಹನಿ ಹಾಕಿದ ಮೇಲೆ ಮರಿ ಕಣ್ಣು ಮಿಟುಕಿಸುವವರೆಗೂ ಹಿಡಿದಿರಬೇಕು. ಬೇಗ ಬಿಟ್ಟರೆ ತಲೆ ಕೊಡವುತ್ತೆ, ಲಸಿಕೆ ನೆಲದ ಪಾಲು. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಬೆರೆಸಿ ಕುಡಿಸಿದರಂತೂ ಜೀವಂತ ವೈರಸ್ ಸತ್ತು ಬರೀ ನೀರು ಕುಡಿಸಿದಂತೆ.

ಮರದ ಮೇಲೆ ಬದುಕುವ ಆಸ್ಟ್ರೇಲಿಯಾದ ಪ್ರಾಣಿ ಕೋವಾಲಾಗಳಲ್ಲಿ ಈ ಲೆಕ್ಕ ಅಷ್ಟು ಸಲೀಸಲ್ಲ. ಕ್ಲಮೈಡಿಯಾ ಪೆಕೋರಮ್ ಎಂಬ ಬ್ಯಾಕ್ಟೀರಿಯಾ ಅವುಗಳ ಕಣ್ಣು, ಮೂತ್ರಕೋಶ, ಜನನಾಂಗಕ್ಕೆ ಅಂಟುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟರೆ ನೀಲಗಿರಿ ಎಲೆ (ನಮ್ಮ ಗೋಮಾಳ ತುಂಬಿದೆಯಲ್ಲ, ಅದೇ) ಜೀರ್ಣಿಸುವ ಹೊಟ್ಟೆಯ ಸೂಕ್ಷ್ಮಜೀವಿಗಳೂ ಹಾಳಾಗುತ್ತವೆ. ರೋಗವಿರುವುದು ಲೋಳೆಪೊರೆಯಲ್ಲಿ, ಹಾಗಾಗಿ ಮೂಗಿಗೆ ಬಿಡುವ ಲಸಿಕೆಯೇ ಸರಿ ಅನಿಸುತ್ತದೆ. ಗಂಡು ಕೋವಾಲಾಗಳಲ್ಲಿ ಮೂಗಿನ ದಾರಿ, ಚರ್ಮದಡಿಯ ದಾರಿ ಎರಡನ್ನೂ ಪರೀಕ್ಷಿಸಿದ್ದಾರೆ ಕೂಡ. ತೊಡಕು ಇಲ್ಲಿದೆ: ಕೋಳಿಯ ಹನಿ ಜೀವಂತ ವೈರಸ್, ಸ್ವಲ್ಪ ಒಳಹೊಕ್ಕರೂ ತಾನೇ ಬೆಳೆದುಕೊಳ್ಳುತ್ತೆ. ಕೋವಾಲಾ ಲಸಿಕೆಯಲ್ಲಿರುವುದು ಬ್ಯಾಕ್ಟೀರಿಯಾದ ಹೊರಪೊರೆಯ ಪ್ರೋಟೀನು, ಅದು ಬೆಳೆಯುವುದಿಲ್ಲ. ಒಂದು ಸೀನು ಸಾಕು, ಡೋಸ್ ಅರ್ಧವಾದೀತು. ಚರ್ಮದಡಿ ಕೊಟ್ಟರೆ ಜೊತೆಗೆ ಬೆರೆಸಿದ ಅಡ್ಜುವೆಂಟ್ ಎಂಬ ಬಲವರ್ಧಕ ರೋಗನಿರೋಧಕ ಕೋಶಗಳನ್ನು ಅಲ್ಲಿಗೆ ಸೆಳೆಯುತ್ತದೆ, ಕೊಟ್ಟಷ್ಟೂ ಒಳಗೇ ಉಳಿಯುತ್ತದೆ.

ನನ್ನ ಪ್ರಕಾರ ಕಾಡುಪ್ರಾಣಿಗೆ ಪ್ರತಿಕಾಯದ ಮಟ್ಟಕ್ಕಿಂತ ದೊಡ್ಡ ಪ್ರಶ್ನೆ ಎಷ್ಟು ಸಲ ಹಿಡಿಯಬೇಕು ಅನ್ನೋದು. ಮೂರು ಡೋಸ್ ಅಂದರೆ ಅದೇ ಪ್ರಾಣಿಯನ್ನು ಮೂರು ಸಲ ಮರದಿಂದ ಇಳಿಸಬೇಕು. ಪ್ರತಿ ಸಲವೂ ಅದಕ್ಕೆ ಗಾಬರಿ, ಎರಡನೇ ಸಲ ಸಿಗುವ ಖಾತ್ರಿಯೂ ಇಲ್ಲ. ಆಸ್ಟ್ರೇಲಿಯಾದ ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾಲಯದ ಕೋವಾಲಾ ಲಸಿಕೆಗೆ 2025ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು. ಅದು ಒಂದೇ ಡೋಸಿನದು.

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಮಾಂಸಾಹಾರಿ ಪ್ರಾಣಿ ಟಾಸ್ಮೇನಿಯನ್ ಡೆವಿಲ್‌ಗೆ ಹಿಡಿಯುವ ರಗಳೆಯೇ ಬೇಡವೆಂದು ಆಹಾರದಲ್ಲಿಟ್ಟ ಲಸಿಕೆಯ ಪ್ರಯತ್ನ ನಡೆದಿದೆ. ಅದರ ರೋಗ ಕಚ್ಚಾಟದಲ್ಲಿ ಹರಡುವ ಮುಖದ ಗಡ್ಡೆ ಕ್ಯಾನ್ಸರ್, 1996ರಲ್ಲಿ ಮೊದಲು ಕಂಡದ್ದು. ನರಿಗಳಿಗೆ ಇಡುವ ರೇಬೀಸ್ ಲಸಿಕೆಯ ತುತ್ತು (ಬೈಟ್) ಇದಕ್ಕೆ ಮಾದರಿ. ಅದರಲ್ಲಿ ಲಸಿಕೆ ಹಿಡಿಯುವುದು ಬಾಯಿ, ಗಂಟಲಿನ ಟಾನ್ಸಿಲ್‌ಗಳಲ್ಲಿ, ಹೊಟ್ಟೆಯಲ್ಲಲ್ಲ. ಅಗಿಯದೆ ಇಡಿಯಾಗಿ ನುಂಗಿದರೆ ಲಸಿಕೆ ದಂಡ. ಮೇಲಾಗಿ ಪಾಸಮ್, ಕ್ವಾಲ್‌ನಂಥ ಅಲ್ಲಿನ ಬೇರೆ ಪ್ರಾಣಿಗಳು ಮೊದಲೇ ಬಂದು ಆ ತುತ್ತು ತಿಂದು ಹೋಗುತ್ತವೆ.