ಶುಗರ್ ಮಾತ್ರೆ ತಿಂದ ಬಿ12

ಅಮ್ಮ ರಾತ್ರಿ ಎದ್ದು ಬಚ್ಚಲಿಗೆ ಹೋಗಿ ಪಾದಕ್ಕೆ ತಣ್ಣೀರು ಹುಯ್ದುಕೊಳ್ಳೋದು ಶುರುವಾದಾಗ ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಾಲು ಉರಿ, ಬೆರಳಲ್ಲಿ ಜುಮುಜುಮು. ಶುಗರ್ ಇದ್ದವರಿಗೆ ಇದೆಲ್ಲ ಇದ್ದದ್ದೇ ಅಂತ ಪಕ್ಕದ ಮನೆಯವರು, ನಾನು, ಕೊನೆಗೆ ಅಮ್ಮನೇ ಹೇಳಿಕೊಂಡು ಹರಳೆಣ್ಣೆ ಹಚ್ಚಿ ಸುಮ್ಮನಾದೆವು.

ಹನ್ನೊಂದು ವರ್ಷದಿಂದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿದ್ದಾಳೆ. ದಿನಕ್ಕೆ 2000 ಮಿಲಿಗ್ರಾಂ. ವಿಟಮಿನ್ ಬಿ12 ಕಮ್ಮಿಯಾದರೂ ನರ ಕೆಟ್ಟು ಇದೇ ಉರಿ, ಜುಮುಜುಮು ಬರುತ್ತೆ, ಆದರೆ ಇಷ್ಟು ವರ್ಷದಲ್ಲಿ ಯಾರೂ ಬಿ12 ನೋಡಿಸಿ ಅಂದಿರಲಿಲ್ಲ. ಹೋದ ವರ್ಷ ಹೊಸ ಡಾಕ್ಟರು ಬರೆದುಕೊಟ್ಟರು, ರಿಪೋರ್ಟಲ್ಲಿ 148 ಬಂತು. 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ.

ವಿಟಮಿನ್ ತಿಂದರೆ ಶುಗರ್ ಇಳಿಯುತ್ತಾ ಅಂತ ಎಲ್ಲರೂ ಕೇಳ್ತಾರೆ. ನಮ್ಮನೇಲಿ ಕಥೆ ಉಲ್ಟಾ. ಬಿ12 ರಕ್ತಕ್ಕೆ ಸೇರೋದು ಸಣ್ಣ ಕರುಳಿನ ಕೊನೆಯಲ್ಲಿ, ಮೆಟ್‌ಫಾರ್ಮಿನ್ ಅಲ್ಲೇ ಅಡ್ಡಗಾಲು ಹಾಕುತ್ತದೆ. ಲಿವರ್‌ನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರೋದರಿಂದ ಮೊದಮೊದಲು ಗೊತ್ತೇ ಆಗಲ್ಲ. ಅದರ ಮೇಲೆ ನಮ್ಮದು ಮೊಟ್ಟೆ ಕೂಡ ಮುಟ್ಟದ ಮನೆ, ಬಿ12 ಬರಬೇಕಾದರೆ ಹಾಲು ಮೊಸರಿನಿಂದಲೇ, ಅಮ್ಮ ಬೇರೆ ಕಫ ಅಂತ ಮೊಸರು ಬಿಟ್ಟು ನೀರು ಮಜ್ಜಿಗೆಗೆ ಇಳಿದಿದ್ದಳು. ಸೊಪ್ಪು ಬೇಕಾದಷ್ಟು ತಿಂತಾಳೆ, ಆದರೆ ಸೊಪ್ಪಲ್ಲಿ ಬಿ12 ಇಲ್ಲ.

ಇನ್ನೊಂದು ತಮಾಷೆ. ಬಿ12 ಕಮ್ಮಿಯಾಗಿ ರಕ್ತಹೀನತೆ ಬಂದರೆ ಹೊಸ ಕೆಂಪು ಕಣ ಹುಟ್ಟೋದು ನಿಧಾನ, ಹಳೇ ಕಣಗಳೇ ಜಾಸ್ತಿ ಉಳಿದು ಸಕ್ಕರೆ ಹಚ್ಚಿಕೊಂಡು ಕೂತಿರುತ್ತವೆ. ಆಗ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳೋ ಪರೀಕ್ಷೆ ಎಚ್‌ಬಿಎ1ಸಿ ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಅಮ್ಮನಿಗೆ 7.9 ಬಂದಾಗ ಕದ್ದು ಸ್ವೀಟ್ ತಿಂತೀಯಾ ಅಂತ ಬೈದಿದ್ದೆ. ತಿಂದಿದ್ದಳು ಕೂಡ, ಅದು ಬೇರೆ ವಿಷಯ.

ಚಿಕ್ಕಪ್ಪಂದು ಇನ್ನೊಂದು ಥರ. ತೋಳಿಗೆ ಶುಗರ್ ಅಳೆದು ಮೊಬೈಲಿಗೆ ಕಳಿಸೋ ಸೆನ್ಸರ್ ಅಂಟಿಸಿಕೊಂಡಿದ್ದಾರೆ. ನೆಗಡಿ ಅಂತ 1000 ಮಿಲಿಗ್ರಾಂ ವಿಟಮಿನ್ ಸಿ ಬುಸ್ಸನೆ ನೊರೆ ಬರೋ ಮಾತ್ರೆ ದಿನಾ ಕುಡಿದರು, ಮೊಬೈಲಲ್ಲಿ 240. ಗಾಬರಿಯಾಗಿ ಲ್ಯಾಬಿಗೆ ಓಡಿದರೆ 165! ಸೆನ್ಸರ್ ಅಳೆಯೋದು ಸಕ್ಕರೆಯಿಂದ ಹುಟ್ಟುವ ಚೂರು ಕರೆಂಟನ್ನ, ವಿಟಮಿನ್ ಸಿ ಕೂಡ ಅದೇ ಜಾಗದಲ್ಲಿ ಕರೆಂಟ್ ಕೊಟ್ಟು ಲೆಕ್ಕ ಕೆಡಿಸುತ್ತೆ. ದಿನಕ್ಕೆ 500 ಮಿಲಿಗ್ರಾಂ ದಾಟಬೇಡಿ ಅಂತ ಕೆಲವು ಸೆನ್ಸರ್ ಡಬ್ಬಿಯೊಳಗಿನ ಚೀಟಿಯಲ್ಲೇ ಇರುತ್ತೆ, ಅದನ್ನ ಓದೋರು ಯಾರು? ಆ ನಂಬರ್ ನಂಬಿ ಇನ್ಸುಲಿನ್ ಏರಿಸಿಕೊಂಡಿದ್ದರೆ ಗತಿ?

ವಿಟಮಿನ್ ಡಿ ಬಗ್ಗೆ ತುಂಬಾ ಆಸೆ ಇತ್ತು. 2019ರಲ್ಲಿ ಅಮೆರಿಕದಲ್ಲಿ ಶುಗರ್ ಅಂಚಿನಲ್ಲಿದ್ದ 2423 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಅರ್ಧ ಜನಕ್ಕೆ ದಿನಾ 4000 ಯೂನಿಟ್, ಎರಡೂವರೆ ವರ್ಷ. ಶುಗರ್ ಬರೋದನ್ನ ತಡೆಯಿತು ಅನ್ನುವಷ್ಟು ವ್ಯತ್ಯಾಸ ಸಿಗಲಿಲ್ಲ. ಕೊರತೆ ಇದ್ದರೆ ತಗೊಳ್ಳಿ, ಶುಗರ್ ಇಳಿಯಲಿ ಅಂತ ಬೇಡ.

ಅಮ್ಮ ಮೆಟ್‌ಫಾರ್ಮಿನ್ ಬಿಟ್ಟಿಲ್ಲ, ಬಿಡಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಬಿ12 ಇಂಜೆಕ್ಷನ್ ಆಯ್ತು, ಈಗ ಮಾತ್ರೆ. ಉರಿ ಹೋಗಿದೆ, ರಾತ್ರಿ ಬಚ್ಚಲಿನ ನಲ್ಲಿ ಸದ್ದಿಲ್ಲ. ಎಡಗಾಲಿನ ಎರಡು ಬೆರಳು ಮಾತ್ರ ಮರಗಟ್ಟಿದ್ದು ಹಾಗೇ ಉಳಿದಿವೆ, ಚಪ್ಪಲಿ ಕಳಚಿಬಿದ್ದರೂ ಅವಳಿಗೆ ಗೊತ್ತಾಗಲ್ಲ.