ವಿಂಡೋಸ್ ಬದಲಾದ ಮೇಲೆ ಹಳೇ ಬ್ಯಾಕಪ್ ಡಿಸ್ಕ್ ನಡೆಯುತ್ತಾ?

"ವಿಂಡೋಸ್ 11 ಹಾಕಿಸ್ತಿದ್ದೀನಿ. ನನ್ನ ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅದರಲ್ಲಿ ನಡೆಯುತ್ತಾ, ಇಲ್ಲಾ ಹೊಸದು ತಗೋಬೇಕಾ?"

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, ಅವತ್ತಿನಿಂದ ನೆಂಟರು, ಸ್ನೇಹಿತರು, ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರು ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ: ನಡೆಯುತ್ತದೆ. ಹೊಸದು ತಗೋಬೇಕಿಲ್ಲ. ನಮ್ಮಲ್ಲಿ ಮಾರುವ ಡಿಸ್ಕ್‌ಗಳು ಹೆಚ್ಚಾಗಿ ಎನ್‌ಟಿಎಫ್‌ಎಸ್ ಇಲ್ಲವೇ ಎಕ್ಸ್‌ಫ್ಯಾಟ್ ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿರುತ್ತವೆ, ಅಂದರೆ ಫೈಲುಗಳನ್ನು ಜೋಡಿಸಿಡುವ ಕ್ರಮ ಅದು. ಎನ್‌ಟಿಎಫ್‌ಎಸ್ 1993ರಲ್ಲೇ ಬಂದದ್ದು, ಎಕ್ಸ್‌ಫ್ಯಾಟ್ 2006ರದ್ದು. ಎರಡನ್ನೂ ವಿಂಡೋಸ್ 11 ಸಲೀಸಾಗಿ ಓದುತ್ತದೆ. ಹತ್ತು ವರ್ಷದ ಹಿಂದೆ ಮದುವೆ ಫೋಟೋ ತುಂಬಿಸಿ ಬೀರುವಿನಲ್ಲಿಟ್ಟ ಡಿಸ್ಕ್ ಕೆಟ್ಟಿರದಿದ್ದರೆ ಇವತ್ತೂ ತೆರೆಯುತ್ತದೆ.

ಆದರೆ ಇಷ್ಟು ಹೇಳಿ ಸುಮ್ಮನಾದರೆ ತಪ್ಪಾಗುತ್ತದೆ. ಡಿಸ್ಕ್ ಚೆನ್ನಾಗಿದ್ದೂ ಒಳಗಿರುವುದು ಕೈಗೆ ಸಿಗದೆ ಹೋದವರನ್ನು ನಾನು ನೋಡಿದ್ದೇನೆ.

ಮೊದಲು, ಎಲ್ಲಕ್ಕಿಂತ ಜಾಸ್ತಿ ಕಣ್ಣೀರು ಹಾಕಿಸುವ ಒಂದು ಕಿಟಕಿಯ ವಿಷಯ. ಡಿಸ್ಕ್ ಚುಚ್ಚಿದ ಕೂಡಲೇ "ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಅಂತ ಇಂಗ್ಲಿಷಿನಲ್ಲಿ ಒಂದು ಪೆಟ್ಟಿಗೆ ಬರುತ್ತದೆ. ಕೆಳಗೆ ಎರಡು ಬಟನ್: ಫಾರ್ಮ್ಯಾಟ್ ಡಿಸ್ಕ್, ಕ್ಯಾನ್ಸಲ್. ಕಂಪ್ಯೂಟರೇ ಹೇಳುತ್ತಿದೆ ಅಂದಮೇಲೆ ಮಾಡಬೇಕೇನೋ ಅಂದುಕೊಂಡು ಜನ ಮೊದಲನೆಯದನ್ನು ಒತ್ತಿಬಿಡುತ್ತಾರೆ. ದಯವಿಟ್ಟು ಒತ್ತಬೇಡಿ. ಆ ಮಾತಿನ ಅರ್ಥ ಡಿಸ್ಕ್ ಖಾಲಿ ಇದೆ ಅಂತ ಅಲ್ಲ, ಇದರಲ್ಲಿ ಬರೆದಿರುವುದು ನನಗೆ ತಿಳಿಯುತ್ತಿಲ್ಲ ಅಂತ ಅಷ್ಟೇ. ಆಪಲ್‌ನ ಮ್ಯಾಕ್‌ ಕಂಪ್ಯೂಟರಿನಲ್ಲಿ ಬಳಸಿದ ಡಿಸ್ಕ್ ಇರಬಹುದು, ಲಿನಕ್ಸ್‌ನದ್ದಿರಬಹುದು, ಬೇರೆ ಯಾವುದೋ ಪ್ರೋಗ್ರಾಂ ಅದಕ್ಕೆ ಬೀಗ ಹಾಕಿರಬಹುದು, ಕೇಬಲ್ ಸಡಿಲ ಇರಬಹುದು. ಕ್ಯಾನ್ಸಲ್ ಒತ್ತಿ, ತೆಗೆದು, ಬೇರೆ ಕೇಬಲ್ ಹಾಕಿ, ಮೊದಲು ಬಳಸಿದ್ದ ಕಂಪ್ಯೂಟರಿಗೇ ಚುಚ್ಚಿ ನೋಡಿ. ಈಗಾಗಲೇ ಒತ್ತಿಬಿಟ್ಟಿದ್ದರೆ ಅದರ ಮೇಲೆ ಇನ್ನೊಂದು ಫೈಲನ್ನೂ ಕಾಪಿ ಮಾಡಬೇಡಿ. ವಿಂಡೋಸ್ ಮಾಮೂಲಿಯಾಗಿ ಮಾಡುವ ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿಯನ್ನು ಹರಿದ ಹಾಗೆ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಒಳಗಿನ ಪುಟಗಳು ಬಹುಪಾಲು ಹಾಗೇ ಇರುತ್ತವೆ, ಮರಳಿ ಪಡೆಯುವ ದಾರಿ ಇದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಆದರೆ ಆ ಭರವಸೆ ತುಂಬಾ ಕಡಿಮೆ.

ಇನ್ನೊಂದು, ಅಪ್‌ಗ್ರೇಡ್ ಮಾಡುವಾಗ ಬ್ಯಾಕಪ್ ಡಿಸ್ಕ್ ಚುಚ್ಚಿಕೊಂಡೇ ಇರಬಾರದು. 2019ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್‌ನಲ್ಲಿ ಡ್ರೈವ್‌ಗಳ ಅಕ್ಷರಗಳೇ (ಡಿ, ಇ, ಎಫ್ ಅಂತ ಇರುತ್ತವಲ್ಲ, ಅವು) ಅದಲುಬದಲಾಗುವ ತೊಂದರೆ ಇದ್ದು, ಹೊರಗಿನ ಯುಎಸ್‌ಬಿ ಡಿಸ್ಕ್ ಇಲ್ಲವೇ ಮೆಮೊರಿ ಕಾರ್ಡ್ ಹಾಕಿದ್ದ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟ್ ತಾನಾಗಿ ಆ ಅಪ್‌ಡೇಟನ್ನೇ ತಡೆದಿತ್ತು. ಎಲ್ಲ ಅಳಿಸಿ ಹೊಸದಾಗಿ ಹಾಕಿಸುವಾಗಲಂತೂ ಪರದೆ ಮೇಲೆ ಬರುವುದು ಡಿಸ್ಕ್ 0, ಡಿಸ್ಕ್ 1 ಅಂತ ನಂಬರಿನ ಸಾಲುಗಳು. ಆತುರದಲ್ಲಿ ತಪ್ಪು ಸಾಲನ್ನು ಡಿಲೀಟ್ ಮಾಡಲು ಒಂದು ಕ್ಷಣ ಸಾಕು. ನನ್ನ ತಮ್ಮನ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಾಗ ಹೀಗೇ ಆಗಿ, ಅವನ ಮಗಳ ಮೊದಲ ಎರಡು ವರ್ಷದ ವಿಡಿಯೋಗಳು ಹೋದವು. ಅವತ್ತಿನಿಂದ ಯಾರಿಗಾದರೂ ಅಪ್‌ಗ್ರೇಡ್ ಮಾಡಿಕೊಡಲು ಹೋದರೆ, ಮೊದಲು ಡಿಸ್ಕನ್ನು ಕಿತ್ತು ಮನೆಯವರ ಕೈಗೇ ಕೊಟ್ಟು ಆಮೇಲೆ ಕೂರುತ್ತೇನೆ.

ಅಪ್‌ಗ್ರೇಡ್ ಆದಮೇಲೆ "ಡಿಸ್ಕ್ ತೋರಿಸ್ತಾನೇ ಇಲ್ಲ" ಅಂತ ಬರುವ ಫೋನುಗಳಲ್ಲಿ ಬಹಳಷ್ಟಕ್ಕೆ ಕಾರಣ ಸಣ್ಣದು. ಹಳೇ ಡೆಸ್ಕ್‌ಟಾಪಿನ ಹಿಂದಿನ ಪೋರ್ಟಿನಲ್ಲಿ ಓಡುತ್ತಿದ್ದ ಡಿಸ್ಕನ್ನು ಹೊಸ ಲ್ಯಾಪ್‌ಟಾಪಿಗೆ ಒಂದು ಅಗ್ಗದ ಹಬ್ ಮೂಲಕ ಚುಚ್ಚಿರುತ್ತಾರೆ, ಅದಕ್ಕೆ ಸಾಕಷ್ಟು ಕರೆಂಟು ಸಿಗುವುದಿಲ್ಲ. ಟಿಕ್ ಟಿಕ್ ಅಂತ ಸದ್ದು ಬಂದು ನಿಂತರೆ ಮೊದಲು ಹಬ್ ತೆಗೆದು ನೇರವಾಗಿ ಚುಚ್ಚಿ. ಆಮೇಲೂ ಅದೇ ಸದ್ದು ಬಂದರೆ ಡಿಸ್ಕೇ ಕೆಡುತ್ತಿರಬಹುದು, ಮತ್ತೆ ಮತ್ತೆ ಚುಚ್ಚಿ ನೋಡಬೇಡಿ. ಇನ್ನು ಕೆಲವರಿಗೆ ಡ್ರೈವಿನ ಅಕ್ಷರ ಬದಲಾಗಿರುತ್ತದೆ. ಬ್ಯಾಕಪ್ ಪ್ರೋಗ್ರಾಂ ಇ ಡ್ರೈವ್ ಹುಡುಕುತ್ತಿರುತ್ತದೆ, ಡಿಸ್ಕ್ ಈಗ ಎಫ್ ಆಗಿರುತ್ತದೆ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೇ ಅಕ್ಷರವನ್ನೇ ಕೊಟ್ಟರೆ ಮುಗಿಯಿತು. ಮನೆಯ ವೈಫೈ ರೂಟರಿನ ಹಿಂದೆ ಡಿಸ್ಕ್ ಚುಚ್ಚಿ ಬಳಸುವವರಿಗೆ ಬೇರೆ ಕಾಟ. ಹಳೇ ರೂಟರುಗಳು ಮಾತಾಡುವ ಎಸ್‌ಎಂಬಿ 1 ಎಂಬ ಪದ್ಧತಿಯನ್ನು ಸುರಕ್ಷತೆಯ ಕಾರಣಕ್ಕೆ 2017ರಿಂದ ಹೊಸ ವಿಂಡೋಸ್‌ನಲ್ಲಿ ಹಾಕಿಕೊಡುವುದೇ ಇಲ್ಲ. ಅದನ್ನು ಮತ್ತೆ ಆನ್ ಮಾಡಲು ಹೋಗದೆ, ಡಿಸ್ಕನ್ನು ರೂಟರಿನಿಂದ ಕಿತ್ತು ಕಂಪ್ಯೂಟರಿಗೇ ಚುಚ್ಚಿ ನೋಡಿ.

ಬೀಗದ ವಿಷಯ ಮಾತ್ರ ಅಪ್‌ಗ್ರೇಡ್‌ಗೆ ಮೊದಲೇ ನೋಡಿಕೊಳ್ಳಬೇಕು. ಆಫೀಸು ಕೆಲಸ ಮಾಡುವವರು ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಹಾಕಿ, ಈ ಕಂಪ್ಯೂಟರಿನಲ್ಲಿ ತಾನಾಗಿ ತೆರೆಯಲಿ ಅಂತ ಟಿಕ್ ಮಾಡಿರುತ್ತಾರೆ. ಆಮೇಲೆ ವರ್ಷಗಟ್ಟಲೆ ಪಾಸ್‌ವರ್ಡ್ ಕೇಳುವುದೇ ಇಲ್ಲ, ಹಾಗಾಗಿ ಮರೆತೇ ಹೋಗಿರುತ್ತದೆ. ಎಲ್ಲ ಅಳಿಸಿ ಹೊಸ ವಿಂಡೋಸ್ ಹಾಕಿಸಿದ ದಿನ, ಇಲ್ಲವೇ ಬೇರೆ ಕಂಪ್ಯೂಟರಿಗೆ ಚುಚ್ಚಿದ ದಿನ ಅದು ಕೇಳುತ್ತದೆ. ಅವತ್ತು ಪಾಸ್‌ವರ್ಡೂ ಇಲ್ಲ, 48 ಅಂಕಿಯ ರಿಕವರಿ ಕೀಯೂ ಇಲ್ಲ ಅಂದರೆ ಯಾವ ಅಂಗಡಿಯವರೂ ಏನೂ ಮಾಡಲಾರರು. ಆ ಕೀಯನ್ನು ಇವತ್ತೇ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು, ಮನೆ ಪತ್ರ ಇಟ್ಟಿರುವ ಫೈಲಿನಲ್ಲಿ ಇಡಿ.

ಮ್ಯಾಕ್ ಇಟ್ಟುಕೊಂಡವರಿಗೆ ಎರಡು ಮಾತು. ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಹೊಸ ಮ್ಯಾಕಿಗೆ ಅಪ್ಪನ ಹಳೇ ಡಿಸ್ಕ್ ಚುಚ್ಚಿ ಕಾಪಿ ಆಗ್ತಿಲ್ಲ ಅನ್ನುವವರಿಗೆ ಕಾರಣ ಇದು. ಮ್ಯಾಕ್‌ನ ಬ್ಯಾಕಪ್ ಪ್ರೋಗ್ರಾಂ ಟೈಮ್ ಮಷೀನ್ ಬಳಸುತ್ತಿದ್ದರೆ, 2020ರ ಬಿಗ್ ಸರ್ ಆವೃತ್ತಿಯಿಂದ ಹೊಸ ಡಿಸ್ಕ್‌ಗಳನ್ನು ಅದು ಎಪಿಎಫ್‌ಎಸ್ ಎಂಬ ಹೊಸ ಬಗೆಯಲ್ಲಿ ಸಿದ್ಧ ಮಾಡುತ್ತದೆ. ಹಳೇ ಬಗೆಯ ಬ್ಯಾಕಪ್ ಡಿಸ್ಕ್ ಹಾಗೇ ಮುಂದುವರಿಯುತ್ತದೆ. ಅದನ್ನು ಅಳಿಸದೆ ಹೊಸ ಬಗೆಗೆ ಬದಲಿಸಲು ಆಗುವುದಿಲ್ಲ. ಆದ್ದರಿಂದ ಹಳೆಯದನ್ನು ಮುಟ್ಟದೆ, ಹೊಸ ಬ್ಯಾಕಪ್‌ಗೆ ಬೇರೆ ಡಿಸ್ಕ್ ಕೊಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಡಿಸ್ಕ್ ತೆರೆಯಿತು ಅಂದಮಾತ್ರಕ್ಕೆ ಬ್ಯಾಕಪ್ ಸಿಕ್ಕಿತು ಅಂತಲ್ಲ. ಫೈಲುಗಳನ್ನು ಸುಮ್ನೆ ಕಾಪಿ ಪೇಸ್ಟ್ ಮಾಡಿದ್ದರೆ ಚಿಂತೆಯಿಲ್ಲ. ವಿಂಡೋಸ್‌ನ ಫೈಲ್ ಹಿಸ್ಟರಿ ಬಳಸಿದ್ದರೂ ಸರಿ, ಅದು ಫೈಲನ್ನು ಹಾಗೇ ಇಟ್ಟು ಹೆಸರಿನ ಕೊನೆಗೆ ತಾರೀಖು, ಹೊತ್ತು ಸೇರಿಸುತ್ತದೆ, ಕೈಯಿಂದಲೇ ಹುಡುಕಿ ತೆಗೆಯಬಹುದು. ಆದರೆ ಎಲ್ಲವನ್ನೂ ಒಂದೇ ದೊಡ್ಡ ಫೈಲಾಗಿ ಗಂಟು ಕಟ್ಟುವ ಪ್ರೋಗ್ರಾಂಗಳಿವೆ. ಆ ಗಂಟು ಬಿಚ್ಚಲು ಆ ಪ್ರೋಗ್ರಾಮೇ ಬೇಕು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎನ್‌ಟಿಬ್ಯಾಕಪ್ ಅಂತ ಒಂದಿತ್ತು. ಮುಂದಿನ ವಿಸ್ಟಾದಲ್ಲಿ ಅದು ಇರಲೇ ಇಲ್ಲ. ಹಳೇ ಬ್ಯಾಕಪ್ ಬಿಚ್ಚಲು ಮೈಕ್ರೋಸಾಫ್ಟ್ ಬೇರೆಯೇ ಒಂದು ಸಾಧನ ಕೊಡಬೇಕಾಯಿತು. ನಿಮ್ಮದೂ ಗಂಟು ಬಗೆಯದಾದರೆ, ಹಳೇ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಬಿಚ್ಚಿ ಫೈಲುಗಳನ್ನು ಬೇರೆ ಡಿಸ್ಕಿಗೆ ಹರಡಿಕೊಳ್ಳಿ.

ನಮ್ಮ ಕನ್ನಡದವರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ನಮ್ಮೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸುತ್ತಲಿನ ಕೆರೆಗಳು, ವೀರಗಲ್ಲುಗಳ ಬಗ್ಗೆ ಹದಿನೈದು ವರ್ಷದಿಂದ ಬರೆದಿಟ್ಟಿದ್ದಾರೆ. ಒಂದು ಬೆಳಿಗ್ಗೆ ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. "ನೋಡಪ್ಪಾ, ಹೊಸ ವಿಂಡೋಸ್ ಹಾಕಿದ್ಮೇಲೆ ಡಿಸ್ಕ್ ಕೆಟ್ಟೋಯ್ತು, ಎಲ್ಲಾ ಏನೇನೋ ಆಗಿದೆ" ಅಂದರು. ಕೈ ಸಣ್ಣಗೆ ನಡುಗುತ್ತಿತ್ತು. ಚುಚ್ಚಿದೆ. ಡಿಸ್ಕ್ ತೆರೆಯಿತು, ಫೋಲ್ಡರುಗಳೆಲ್ಲ ಇದ್ದವು. ಒಂದು ಫೈಲ್ ತೆರೆದರೆ ಪುಟದ ತುಂಬ ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ಪೌಂಡ್ ಗುರುತು ಕಂಡಕೂಡಲೇ ನನಗೆ ಜೀವ ಬಂತು. ಹಳೇ ನುಡಿ ಫಾಂಟುಗಳಲ್ಲಿ ‘ನ’ ಕೂರುವ ಜಾಗ ಅದು. ಅಂದರೆ ಬರಹ ಎಲ್ಲಿಗೂ ಹೋಗಿರಲಿಲ್ಲ, ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ನುಡಿ ಫಾಂಟ್ ಇರಲಿಲ್ಲ ಅಷ್ಟೇ. ಫಾಂಟ್ ಹಾಕಿ ಅದೇ ಫೈಲನ್ನು ಮತ್ತೆ ತೆರೆದೆ. ಮೊದಲ ಸಾಲಿನಲ್ಲಿ ಊರ ದೊಡ್ಡ ಕೆರೆಯ ಹೆಸರು ಬಂತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಆ ಪ್ಯಾರಾವನ್ನು ಪೂರ್ತಿ ಗಟ್ಟಿಯಾಗಿ ಓದಿದರು.

ಡಿಟಿಪಿ ಮಾಡುವವರ ಮನೆಗಳಲ್ಲೂ ಇದೇ ಕಥೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಪುಸ್ತಕಗಳೆಲ್ಲ ಹಳೇ ಫಾಂಟುಗಳಲ್ಲಿ, ಪುಟ ಜೋಡಿಸುವ ಪೇಜ್‌ಮೇಕರ್ ಎಂಬ ಪ್ರೋಗ್ರಾಂನ ಫೈಲುಗಳಲ್ಲಿ ಕೂತಿವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಈಗಿನ ಆವೃತ್ತಿ ಅದರ ಫೈಲುಗಳನ್ನು ತೆರೆಯುವುದಿಲ್ಲ, ಸಿಎಸ್6 ಆವೃತ್ತಿಗೇ ಅದು ಮುಗಿಯಿತು. ನಿಮ್ಮ ಹತ್ತಿರ ಪೇಜ್‌ಮೇಕರ್ ಓಡುವ ಹಳೇ ಕಂಪ್ಯೂಟರ್ ಒಂದು ಇದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ಮುಖ್ಯವಾದ ಪುಸ್ತಕಗಳನ್ನೆಲ್ಲ ಪಿಡಿಎಫ್ ಮಾಡಿ, ಬರಹವನ್ನು ಯೂನಿಕೋಡ್‌ಗೆ (ಹಳೇ ಫಾಂಟಿನ ಹಂಗಿಲ್ಲದೆ ಕನ್ನಡ ತೋರಿಸುವ ಪದ್ಧತಿಗೆ) ಬದಲಿಸಿ ಇಟ್ಟುಕೊಳ್ಳಿ. ಬದಲಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಒಮ್ಮೊಮ್ಮೆ ಎಡವುತ್ತವೆ, ಕೂತು ತಿದ್ದಬೇಕು.

ಮೇಷ್ಟ್ರ ಬರಹವನ್ನು ನಾವಿಬ್ಬರೂ ಈಗ ಹಾಗೇ ಬದಲಿಸುತ್ತಿದ್ದೇವೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೂರುತ್ತೇವೆ, ಅವರು ಓದುತ್ತಾರೆ, ನಾನು ತಿದ್ದುತ್ತೇನೆ. ಕೆರೆಗಳದ್ದು ಮುಗಿದಿದೆ. ವೀರಗಲ್ಲುಗಳದ್ದು ಬಾಕಿ ಇದೆ. ಮುಗಿಸಿದ್ದನ್ನು ಎರಡು ಡಿಸ್ಕಿಗೆ ಕಾಪಿ ಮಾಡಿ ಒಂದನ್ನು ಅವರ ಮಗಳ ಮನೆಯಲ್ಲಿ ಇಟ್ಟಿದ್ದೇವೆ.