ಎಲ್‌ಎಲ್‌ಬಿ ಮುಗಿದ ಮೇಲಿನ ಮೂರು ವರ್ಷ: ವಿಚಾರಣಾ ನ್ಯಾಯಾಲಯದ ವಕೀಲನೊಬ್ಬನ ಅನುಭವ

ಹಾವೇರಿಯ ನಮ್ಮ ಕಚೇರಿಗೆ ಪ್ರತಿ ವರ್ಷ ಕಾನೂನು ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗಾಗಿ ಬರುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌ಬಿ ಓದುವವರಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನವರಿಗೆ 20 ವಾರ ಇಂಥ ತರಬೇತಿ ಕಡ್ಡಾಯ. ಬಂದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ‘ಸರ್, ಪ್ರಾಕ್ಟೀಸ್ ಮಾಡಬೇಕೋ, ಜಡ್ಜ್ ಪರೀಕ್ಷೆಗೆ ಓದಬೇಕೋ, ಎಲ್‌ಎಲ್‌ಎಂ ಸೇರಬೇಕೋ, ಬೆಂಗಳೂರಿಗೆ ಹೋಗಿ ಕಂಪನಿ ಕೆಲಸ ಹುಡುಕಬೇಕೋ?’ ಈ ನಾಲ್ಕೂ ಪರೀಕ್ಷಾ ಕೊಠಡಿಯ ಬಾಗಿಲಿನಿಂದಲೇ ಬೇರೆಬೇರೆಯಾಗುವ ದಾರಿಗಳು ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ಈ ನಂಬಿಕೆ ಈಗಿನ ಸ್ಥಿತಿಗೆ ಹೊಂದುವುದಿಲ್ಲ ಎಂಬುದನ್ನು ಅವರಿಗೆ ಮೊದಲು ತಿಳಿಸಬೇಕೆಂದು ಈ ವೃತ್ತಿಯಲ್ಲಿದ್ದು ಕಂಡುಕೊಂಡಿದ್ದೇನೆ.

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ ಮೂರು ವರ್ಷಗಳ ವಕೀಲಿ ಅನುಭವ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ನೀಡಿತು. ಆ ಅವಧಿಯನ್ನು ವಕೀಲರ ಪರಿಷತ್ತಿನಲ್ಲಿ ಆದ ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಸಬಹುದು. ಕನಿಷ್ಠ 10 ವರ್ಷ ವೃತ್ತಿಯಲ್ಲಿರುವ ವಕೀಲರು ಕೊಡುವ ಅನುಭವ ಪತ್ರಕ್ಕೆ ನ್ಯಾಯಾಂಗ ಅಧಿಕಾರಿಯ ದೃಢೀಕರಣವೂ ಬೇಕು. ಹಾಗಾಗಿ ಸೀನಿಯರ್ ಕಚೇರಿಗೆ ಸೇರಿದ ಮೊದಲ ತಿಂಗಳಿನಿಂದಲೇ ವಕಾಲತ್ತಿನಲ್ಲಿ ನಿಮ್ಮ ಹೆಸರೂ ಇರುವಂತೆ ಕೇಳಿಕೊಳ್ಳಿ, ನೀವು ಹಾಜರಾದ ಪ್ರಕರಣಗಳ ಸಂಖ್ಯೆ ಮತ್ತು ದಿನಾಂಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎಂದು ನಾನು ಹೇಳುತ್ತೇನೆ. ಪದವಿ ಮುಗಿದ ಕೂಡಲೇ ಮದುವೆಯ ಮಾತೆತ್ತುವ ಮನೆಗಳಿಂದ ಬಂದ ಹೆಣ್ಣುಮಕ್ಕಳಿಗೆ ಈ ಮೂರು ವರ್ಷ ಬಹಳ ಭಾರವಾಗುತ್ತದೆ. ತೀರ್ಪಿನ ಉದ್ದೇಶ ನನಗೆ ಒಪ್ಪಿಗೆಯಾದರೂ ಅವರ ಆತಂಕವನ್ನು ಹಗುರವಾಗಿ ನೋಡಲು ನನ್ನಿಂದ ಆಗುವುದಿಲ್ಲ.

ನೋಂದಣಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವಕೀಲರ ಅಧಿನಿಯಮ 1961ರ 24ನೇ ಕಲಮಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೋಂದಣಿ ಶುಲ್ಕವನ್ನು ರಾಜ್ಯ ವಕೀಲರ ಪರಿಷತ್ತುಗಳು ವಸೂಲು ಮಾಡುವಂತಿಲ್ಲವೆಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ಸಾಮಾನ್ಯ ವರ್ಗದವರಿಗೆ ಅದು 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ನೋಂದಣಿಯಾದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಯಾರ ಕೈಕೆಳಗೆ, ಯಾವ ಬಗೆಯ ಕಡತಗಳ ನಡುವೆ ಈ ಮೂರು ವರ್ಷ ಕಳೆಯುತ್ತೀರಿ ಎಂಬುದೇ ಮುಖ್ಯ, ಆದರೆ ಇದನ್ನು ಯಾರೂ ಕೇಳುವುದಿಲ್ಲ. ನಮ್ಮ ಕಡೆಯ ನ್ಯಾಯಾಲಯಗಳಲ್ಲಿ ವಾಟ್ನಿ (ಆಸ್ತಿ ಪಾಲು) ದಾವೆಗಳು ಬಹಳ. ಹೆಣ್ಣುಮಗಳೊಬ್ಬಳು ತವರಿನ ಆಸ್ತಿಯಲ್ಲಿ ಪಾಲು ಕೇಳಿ ಬಂದಾಗ, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನಂತೆ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿ ತಟ್ಟನೆ ಹೇಳುತ್ತಾನೆ. ಅವನು ಹೇಳುವುದು ಸರಿಯಾಗಿಯೇ ಇರುತ್ತದೆ, ಆದರೆ ಕಡತದ ಕೆಲಸ ಅಲ್ಲಿಂದ ಮುಂದೆ ಶುರುವಾಗುತ್ತದೆ. ಮನೆಯಲ್ಲಿ ಈ ಮೊದಲೇ ವಾಟ್ನಿ ಆಗಿದೆಯೇ, ಆಗಿದ್ದರೆ ಆ ತಿದ್ದುಪಡಿಯಲ್ಲಿ ಹೇಳಿರುವ ಗಡಿ ದಿನವಾದ 2004ರ ಡಿಸೆಂಬರ್ 20ಕ್ಕಿಂತ ಮೊದಲೋ ಅನಂತರವೋ, ಅದು ನೋಂದಾಯಿತ ಪತ್ರದ ಮೂಲಕವೋ, ನ್ಯಾಯಾಲಯದ ಡಿಕ್ರಿಯಿಂದಲೋ, ಅಥವಾ ಹಿರಿಯರೆದುರು ಬಾಯಿಮಾತಿನಲ್ಲಿ ಹಂಚಿಕೊಂಡು ಪಹಣಿಯಲ್ಲಿ ಹೆಸರು ಏರಿಸಿದ್ದು ಮಾತ್ರವೋ ಎಂಬ ಪ್ರಶ್ನೆಗಳಿಗೆ ಕಕ್ಷಿದಾರಳಿಂದ ಉತ್ತರ ಪಡೆಯಬೇಕು. ಬಾಯಿಮಾತಿನ ವಾಟ್ನಿಯನ್ನು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಕ್ಕೆ ಮಾತ್ರ ಅದೇ ತೀರ್ಪು ಅವಕಾಶ ಇಟ್ಟಿದೆ. ಪಹಣಿಯ ನಮೂದೊಂದರಿಂದಲೇ ಮಾಲಕತ್ವ ಬರುವುದಿಲ್ಲವಾದರೂ ಯಾವ ವರ್ಷ ಯಾರ ಹೆಸರು ಏಕೆ ಬಂತು ಎಂಬುದರ ಮೇಲೆ ಇಡೀ ಪಾಟಿ ಸವಾಲು (ಎದುರಾಳಿ ವಕೀಲ ಸಾಕ್ಷಿಗೆ ಕೇಳುವ ಪ್ರಶ್ನೆಗಳು) ನಿಲ್ಲುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ವಂಶಾವಳಿ ಬರೆದುಕೊಳ್ಳುವುದು, ಹಳೆಯ ಪಹಣಿಗಳ ನಕಲು ತೆಗೆಸುವುದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಹುಡುಕುವುದು ಕೆಳಮಟ್ಟದ ಓಡಾಟವೆಂದು ಹೊಸಬರು ಬೇಸರಪಡುತ್ತಾರೆ. ನನ್ನ ದೃಷ್ಟಿಯಲ್ಲಿ ವಕೀಲಿಯ ವಿದ್ಯೆ ಕೈಗೆ ಬರುವುದೇ ಈ ಓಡಾಟದಿಂದ.

ಆದ್ದರಿಂದ ಸೀನಿಯರ್ ಅನ್ನು ಆರಿಸುವಾಗ ಹೆಸರಿಗಿಂತ ಕಡತಗಳನ್ನು ನೋಡಿ. ಸಾಕ್ಷಿ ವಿಚಾರಣೆ ನಿತ್ಯ ನಡೆಯುವ, ಸಿವಿಲ್ ಕೆಲಸದ ಜೊತೆಗೆ ಚೆಕ್ ಬೌನ್ಸ್, ಮೋಟಾರು ಅಪಘಾತ ಪರಿಹಾರದಂಥ ಪ್ರಕರಣಗಳೂ ಇರುವ, ಜೂನಿಯರ್ ಬರೆದ ವಾದಪತ್ರದ ಕರಡನ್ನು ತಿದ್ದಿ ಹಿಂದಿರುಗಿಸುವ ಕಚೇರಿ ಸಿಕ್ಕರೆ ಅಲ್ಲಿಯೇ ನಿಲ್ಲಿ. ಕಾನೂನು ಪದವಿಯ ಕೊನೆಯ ವರ್ಷದ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪತ್ರಿಕೆಯಲ್ಲಿ ಎರಡು ಪ್ರಕರಣಗಳ ವಿಚಾರಣೆಯನ್ನು ಗಮನಿಸಿ ಟಿಪ್ಪಣಿ ಬರೆಯಲು 30 ಅಂಕಗಳಿವೆ. ಅನೇಕರು ಆ ಡೈರಿಯನ್ನು ಹಿಂದಿನ ವರ್ಷದವರದ್ದನ್ನು ನೋಡಿ ತುಂಬಿಸುತ್ತಾರೆ, ಅದು ನನಗೆ ನಿಜವಾಗಿಯೂ ನೋವು ಕೊಡುತ್ತದೆ. ಒಂದೇ ಪ್ರಕರಣವನ್ನು ಮುಖ್ಯ ವಿಚಾರಣೆಯಿಂದ ತೀರ್ಪಿನವರೆಗೆ ಹಿಂಬಾಲಿಸಿದ ವಿದ್ಯಾರ್ಥಿ, ಕಚೇರಿಗೆ ಬಂದ ಮೊದಲ ವಾರದಲ್ಲಿಯೇ ಬೇರೆಯಾಗಿ ಕಾಣುತ್ತಾನೆ.

ಕನ್ನಡದಲ್ಲಿ ಓದಿದವರು ತಮ್ಮ ಇಂಗ್ಲಿಷ್ ಬಗ್ಗೆ ಕೇಳುವಾಗ ದನಿ ತಗ್ಗಿಸುತ್ತಾರೆ. ಹೈಕೋರ್ಟಿನ ಭಾಷೆ ಇಂಗ್ಲಿಷ್ ಆಗಿರುವುದರಿಂದ ಧಾರವಾಡ ಪೀಠದಲ್ಲಿ ವಾದಿಸಬೇಕೆನ್ನುವವರು ಅದನ್ನು ಕಲಿಯಲೇಬೇಕು, ಇದರಲ್ಲಿ ವಿನಾಯಿತಿ ಇಲ್ಲ. ಆದರೆ ನಮ್ಮಲ್ಲಿ ಸಾಕ್ಷಿ ಹೇಳುವವರು ಕನ್ನಡದಲ್ಲಿಯೇ ಹೇಳುತ್ತಾರೆ. ಅವರ ಮಾತಿನ ಎಳೆ ಹಿಡಿದು ಮುಂದಿನ ಪ್ರಶ್ನೆ ಕಟ್ಟುವ ಶಕ್ತಿ ಇಂಗ್ಲಿಷ್‌ನಿಂದ ಬರುವುದಿಲ್ಲ. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿಯೂ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವ 100 ಅಂಕಗಳ ಪತ್ರಿಕೆಯೇ ಇದೆ. ಸಿವಿಲ್ ಮತ್ತು ಕ್ರಿಮಿನಲ್ ತೀರ್ಪು ಬರೆಯುವ ಪತ್ರಿಕೆಗಳಿಗೂ ಗೈಡ್ ಓದುವುದಕ್ಕಿಂತ ನೂರಾರು ವಾದಪತ್ರ ಮತ್ತು ಸಾಕ್ಷ್ಯಗಳನ್ನು ಓದಿದ ಅಭ್ಯಾಸವೇ ಹೆಚ್ಚು ನೆರವಾಗುತ್ತದೆ.

ಹಣದ ಮಾತನ್ನು ವಿದ್ಯಾರ್ಥಿಗಳು ಸಂಕೋಚದಿಂದ ಎತ್ತುವುದೇ ಇಲ್ಲ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸೂಚಿಸಿತಾದರೂ ಅದು ಶಿಫಾರಸು ಮಾತ್ರ, ತಾಲ್ಲೂಕು ಮಟ್ಟದ ಹಲವು ಕಚೇರಿಗಳು ಅಷ್ಟು ಕೊಡುವ ಸ್ಥಿತಿಯಲ್ಲಿಲ್ಲ. ಆದರೂ ಕೆಲಸ ಕಲಿಸುವುದೇ ಸಂಬಳವೆಂಬ ಹಳೆಯ ವಾದವನ್ನು ನಾನು ಒಪ್ಪುವುದಿಲ್ಲ. ಬಸ್ಸಿನ ಖರ್ಚಿಗೂ ಊರಿನ ಕಡೆ ನೋಡಬೇಕಾದ ಹುಡುಗ ಹುಡುಗಿಯರು ಒಂದೆರಡು ವರ್ಷದಲ್ಲಿ ವೃತ್ತಿಯನ್ನೇ ಬಿಡುತ್ತಾರೆ, ಹಾಗೆ ಬಿಟ್ಟವರಲ್ಲಿ ಒಳ್ಳೆಯ ವಕೀಲರಾಗಬಹುದಾಗಿದ್ದವರು ಇದ್ದಾರೆ. ಮೊದಲ ಭೇಟಿಯಲ್ಲಿಯೇ ಎಷ್ಟು ಕೊಡುತ್ತೀರಿ ಎಂದು ಗೌರವದಿಂದ ಕೇಳುವುದು ತಪ್ಪಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದ ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಸರ್ಕಾರದ ಶಿಷ್ಯವೇತನವಿದೆ. ನೋಂದಣಿಯಾದ ಕೂಡಲೇ ಜಿಲ್ಲೆಯ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಕಾನೂನು ಸೇವಾ ಪ್ರಾಧಿಕಾರದ ಅಡಿಯಲ್ಲಿ, ಬಡ ಆರೋಪಿಗಳ ಪರವಾಗಿ ವಾದಿಸಲು ಸಹಾಯಕ ಅಭಿರಕ್ಷಕರ ಹುದ್ದೆಗಳೂ ಇವೆ, ಅವು ಹೊಸಬರಿಗೆ ಕ್ರಿಮಿನಲ್ ವಿಚಾರಣೆಯ ಒಳ್ಳೆಯ ಶಾಲೆ.

ಬೋಧನೆಯ ಒಲವಿರುವವರು ಎಲ್‌ಎಲ್‌ಎಂ ಮಾಡಿ, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯಲಿ. ಏನು ಮಾಡಬೇಕೆಂದು ತಿಳಿಯದೆ ಕಾಲ ತಳ್ಳಲು ಎಲ್‌ಎಲ್‌ಎಂ ಸೇರುವುದು ಬೇಡ. ಕಂಪನಿಯ ಕೆಲಸವೂ ಗೌರವದ್ದೇ, ಕರಾರು ಪತ್ರಗಳ ಕೆಲಸ ಇಷ್ಟಪಡುವವರಿಗೆ ಅಲ್ಲಿ ಒಳ್ಳೆಯ ಬದುಕಿದೆ. ಆದರೆ ಪರಿಷತ್ತಿನ ನಿಯಮದಂತೆ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವಂತಿಲ್ಲ. ನೌಕರಿಗೆ ಸೇರುವುದನ್ನು ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತವಾಗಿ ತಿಳಿಸಿ ಸನ್ನದನ್ನು (ವಕೀಲಿಯ ಪರವಾನಗಿಯನ್ನು) ಅಮಾನತಿನಲ್ಲಿಡಬೇಕು, ಆ ಪತ್ರದ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ನ್ಯಾಯಾಧೀಶರ ಪರೀಕ್ಷೆ ಬರೆಯುವ ಆಸೆಯಿದ್ದರೆ, ಅಂಥ ನೌಕರಿಯಲ್ಲಿ ಕಳೆದ ವರ್ಷಗಳು ವಕೀಲಿಯ ಮೂರು ವರ್ಷಗಳ ಲೆಕ್ಕಕ್ಕೆ ಸೇರುವುದಿಲ್ಲವೆಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮನೆಯವರಿಗೂ ತಿಳಿಸಿರಿ.